ಮೂರು ಬೀಗದ ಕೈ, ಒಂದೂ ನಂದಲ್ಲ

ನಮ್ಮ ಭಾವ ಟ್ರೈನ್ ಟಿಕೆಟ್ ಪ್ರಿಂಟ್ ತಗೊಳ್ಳಕ್ಕೆ ಬಂದಿದ್ದೇ ಇಷ್ಟಕ್ಕೆಲ್ಲ ಕಾರಣ. ನಾನು ಸಾಗರದಲ್ಲಿ ಮನೇಲೇ ಕೂತು ಟ್ಯಾಕ್ಸ್ ರಿಟರ್ನ್, ಜಿಎಸ್‌ಟಿ ಕೆಲಸ ಮಾಡ್ಕೊಡೋಳು. ಹಾಲ್‌ನಲ್ಲಿ ಒಂದೇ ಕಂಪ್ಯೂಟರ್, ಬೆಳಗಾದ್ರೆ ಮೇಲ್ ನೋಡೋ ಪ್ರೋಗ್ರಾಂ ಔಟ್‌ಲುಕ್ ತೆಗೆದ್ರೆ ರಾತ್ರಿ ಮಲಗೋ ತನಕ ಮುಚ್ಚೋ ಅಭ್ಯಾಸ ಇಲ್ಲ. ಅವತ್ತು ನಾನು ಚಾ ಮಾಡಕ್ಕೆ ಒಳಗೆ ಹೋದೆ, ಭಾವ ಪ್ರಿಂಟ್ ತಗೊಂಡ್ರು, ಚಾ ಕುಡಿದ್ರು, ಹೋದ್ರು. ಹದಿನೈದು ದಿನ ಬಿಟ್ಟು ಒಂದು ಉಪನಯನದ ಊಟದ ಪಂಕ್ತೀಲಿ ಕೂತ್ಕೊಂಡು ನನ್ನ ಕ್ಲೈಂಟ್ ಒಬ್ರಿಗೇ "ಏನ್ ಮಾರಾಯ, ಈ ಸಲ ಅಡಿಕೆ ನಿಂಗೆ ಭಾರಿ ಕೈ ಹಿಡಿದಿದ್ಯಲ್ಲ" ಅಂತ ಹೇಳಿ ಮೊತ್ತಾನೂ ಹೇಳ್ಬಿಟ್ರು! ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ದೇ ಇರಬಹುದು, ಆದ್ರೆ ರಿಟರ್ನ್‌ನಲ್ಲಿ ತೋರಿಸ್ಬೇಕಲ್ಲ, ಆ ಕಾಗದ ಎಲ್ಲ ನನ್ನ ಮೇಲ್‌ನಲ್ಲೇ ಇರೋದು. ಬಡಿಸ್ತಾ ಇದ್ದ ನನ್ನ ಕೈಯಿಂದ ಸೌಟು ಬೀಳೋದೊಂದು ಬಾಕಿ.

ನಮ್ಮ ಕಡೆ ಒಬ್ಬರ ಅಡಿಕೆ ಲೆಕ್ಕ ಇನ್ನೊಬ್ಬರಿಗೆ ಗೊತ್ತಾಗೋದು ಅಂದ್ರೆ ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಮನೆಗೆ ಬಂದವಳೇ ಮೊದಲು ಪಾಸ್‌ವರ್ಡ್ ಹಾಕ್ದೆ. ನಂದು ಪಾಪ್ ಅಕೌಂಟು, ಮೇಲ್ ಎಲ್ಲ ಕಂಪ್ಯೂಟರಿಗೆ ಇಳಿದು ಹದಿನಾಲ್ಕು ದಿನಕ್ಕೆ ಸರ್ವರ್‌ನಿಂದ ಅಳಿಸಿ ಹೋಗುತ್ತೆ, ಆಮೇಲೆ ಇರೋದು ಡಿ ಡ್ರೈವ್‌ನಲ್ಲಿ ಮೇಲ್ ಎಲ್ಲ ತುಂಬಿರೋ ಒಂದು ಪಿಎಸ್‌ಟಿ ಫೈಲ್ ಮಾತ್ರ, ಹತ್ತಿರ ಹತ್ತಿರ 9 ಜಿಬಿ. ಅಕೌಂಟ್ ಸೆಟ್ಟಿಂಗ್ಸ್, ಡೇಟಾ ಫೈಲ್ಸ್, ಸೆಟ್ಟಿಂಗ್ಸ್, ಚೇಂಜ್ ಪಾಸ್‌ವರ್ಡ್ ಅಂತ ಹೋದ್ರೆ 15 ಅಕ್ಷರದವರೆಗೆ ಹಾಕಬಹುದು. ನಾನು 15ಕ್ಕೆ 15 ತುಂಬಿಸಿದೆ, ಅಂಕಿ, ಚಿಹ್ನೆ ಎಲ್ಲ ಸೇರಿಸಿ. ಔಟ್‌ಲುಕ್ ತೆಗೆದಾಗಲೆಲ್ಲ ಕೇಳುತ್ತೆ, ನಾನು ಹೊಡೀತೀನಿ, ಒಳಗೊಳಗೇ ಒಂದು ಗತ್ತು ಬೇರೆ.

ಆ ಗತ್ತು ದಸರಾ ರಜದ ತನಕ ಇತ್ತು. ಅಕ್ಕನ ಮಗ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಾನೆ, ಅಂದ್ರೆ ಅದೇ ಭಾವನ ಮಗ. ನಾನು ಹೆಮ್ಮೆಯಿಂದ ತೋರಿಸಿದ್ರೆ ಅವ್ನು ನಕ್ಕು, "ಚಿಕ್ಕಿ, ಔಟ್‌ಲುಕ್ ಕ್ಲೋಸ್ ಮಾಡು ಒಂದ್ಸಲ" ಅಂದ. ಒಂದು ಪುಟ್ಟ ಟೂಲ್ ಪೆನ್‌ಡ್ರೈವ್‌ನಿಂದ ಓಡಿಸ್ದ. ನಾನು ಚಕ್ಕುಲಿ ಡಬ್ಬಿ ಮುಚ್ಚಳ ತೆಗೆಯೋದ್ರೊಳಗೆ ಸ್ಕ್ರೀನ್ ಮೇಲೆ ಮೂರು ಪಾಸ್‌ವರ್ಡ್ ಬಂದಿತ್ತು. ಮೂರೂ ನಂದಲ್ಲ! "ನೋಡು ಸಿಗ್ಲಿಲ್ಲ" ಅಂತ ನಾನು ಹೇಳ್ತಾ ಇದ್ದಂಗೇ ಮೊದಲನೇದು ಹೊಡೆದ, ಮೇಲ್ ತೆರೀತು. ಎರಡನೇದಕ್ಕೂ ತೆರೀತು. ಮೂರನೇದು ನೋಡೋದು ಬೇಡ ಅಂದೆ.

ಅದು ಹೆಂಗೆ ಅಂತ ಅವ್ನು ಹೇಳಿದ್ದು ನನಗೆ ಅರ್ಥ ಆದಷ್ಟು ಇಷ್ಟು. ನಾವು ಹೊಡೆಯೋ ಪಾಸ್‌ವರ್ಡ್ ಆ ಫೈಲ್‌ನಲ್ಲಿ ಹಂಗೇ ಇರಲ್ಲ, ಅದನ್ನ ಸಿಆರ್‌ಸಿ-32 ಅನ್ನೋ ಲೆಕ್ಕಕ್ಕೆ ಹಾಕಿ ಬಂದ ಒಂದು ಸಂಖ್ಯೆ ಇರುತ್ತೆ. ಆ ಥರ ಸಂಖ್ಯೆ ಇರೋದೇ ಸುಮಾರು 429 ಕೋಟಿ. ನಮಗೆ ಜಾಸ್ತಿ ಅನ್ಸುತ್ತೆ, ಆದ್ರೆ 15 ಅಕ್ಷರದಲ್ಲಿ ಮಾಡಬಹುದಾದ ಪಾಸ್‌ವರ್ಡ್‌ಗಳು ಅದಕ್ಕಿಂತ ಎಷ್ಟೋ ಪಟ್ಟು, ಹಂಗಾಗಿ ಒಂದೇ ಸಂಖ್ಯೆಗೆ ಲೆಕ್ಕ ಇಲ್ದಷ್ಟು ಪಾಸ್‌ವರ್ಡ್ ಹೊಂದುತ್ತೆ, ಯಾವುದು ಹಾಕಿದ್ರೂ ಬಾಗಿಲು ತೆಗೆಯುತ್ತೆ. ಅದಕ್ಕಿಂತ ಹೊಟ್ಟೆ ಉರಿಸಿದ ಸಂಗತಿ ಬೇರೆ, ಆ ಪಾಸ್‌ವರ್ಡ್‌ಗೂ ಒಳಗಿರೋ ಮೇಲ್‌ಗೂ ಸಂಬಂಧಾನೇ ಇಲ್ವಂತೆ. ಮೇಲ್ ಅದರಿಂದ ಎನ್‌ಕ್ರಿಪ್ಟ್ ಆಗಿರಲ್ಲ, ಅಂದ್ರೆ ಬೇರೆಯವರಿಗೆ ಓದಕ್ಕಾಗದ ಹಂಗೆ ಬದಲಾಗಿರಲ್ಲ, ಔಟ್‌ಲುಕ್ ಕೇಳುತ್ತೆ ಅಷ್ಟೇ, ಕೇಳದೇ ಇರೋ ಪ್ರೋಗ್ರಾಂನಿಂದ ಓದಿದ್ರೆ ಮುಗೀತು. ಇದೇನು ಗುಟ್ಟಲ್ಲ, ಆ ಫೈಲ್ ಹೆಂಗಿರುತ್ತೆ ಅನ್ನೋ ಅಧಿಕೃತ ದಾಖಲೆಯಲ್ಲೇ ಇದೆ, ನಾನು ನೋಡದೇ ಹೋದದ್ದು ನನ್ನ ತಪ್ಪು. ನಮ್ಮ ತೋಟದ ಉಣುಗೋಲು ಇದ್ದಂಗೆ, ದನ ನಿಲ್ಲುತ್ತೆ, ಜನ ಗಳ ಸರಿಸ್ಕೊಂಡು ಬರ್ತಾರೆ.

ಹಂಗಾದ್ರೆ ಥಂಡರ್‌ಬರ್ಡ್ ಅನ್ನೋ ಇನ್ನೊಂದು ಮೇಲ್ ಪ್ರೋಗ್ರಾಂಗೆ ಹೋಗ್ಲಾ ಅಂದೆ. ಅದ್ರಲ್ಲಿ ಪ್ರೈಮರಿ ಪಾಸ್‌ವರ್ಡ್ ಅಂತ ಒಂದಿದೆಯಲ್ಲ. ಅದು ಕಾಯೋದು ಅಕೌಂಟ್ ಪಾಸ್‌ವರ್ಡ್‌ಗಳನ್ನ ಮಾತ್ರ, ಮೇಲ್ ಫೈಲನ್ನ ನೋಟ್‌ಪ್ಯಾಡ್‌ನಲ್ಲಿ ತೆಗೆದು ಓದಬಹುದು ಅಂದ. ಇಡೀ ಡ್ರೈವನ್ನೇ ಎನ್‌ಕ್ರಿಪ್ಟ್ ಮಾಡೋ ವಿಂಡೋಸ್‌ದೇ ಬಿಟ್‌ಲಾಕರ್ ಹಾಕೋಣ ಅಂದ್ರೆ ನಂದು ವಿಂಡೋಸ್ ಹೋಮ್, ಅದ್ರಲ್ಲಿ ಆ ಪೂರ್ತಿ ಸೌಕರ್ಯ ಇಲ್ಲ. ಕೊನೆಗೆ ವೆರಾಕ್ರಿಪ್ಟ್, ಫೈಲ್‌ಗಳನ್ನ ಎನ್‌ಕ್ರಿಪ್ಟ್ ಆದ ಒಂದು ಪೆಟ್ಟಿಗೆಯೊಳಗೆ ಇಡೋ ಪ್ರೋಗ್ರಾಂ. ದುಡ್ಡಿಲ್ಲದೇ ಸಿಗುತ್ತೆ, ಟ್ರೂಕ್ರಿಪ್ಟ್ ಅಂತ ಒಂದಿತ್ತಲ್ಲ, 2014ರಲ್ಲಿ ನಿಂತೋಯ್ತು, ಅದರ ಕವಲು ಇದು. 20 ಜಿಬಿಯ ಒಂದು ಪೆಟ್ಟಿಗೆ ಫೈಲ್ ಮಾಡಿದ್ವಿ, ನಮ್ಮ ಹಳೇ ಹಾರ್ಡ್‌ಡಿಸ್ಕ್‌ಗೆ ಅದನ್ನ ತಯಾರು ಮಾಡೋಕ್ಕೇ ಮಧ್ಯಾಹ್ನದ ಊಟ, ಒಂದು ನಿದ್ದೆ ಎರಡೂ ಆಯ್ತು, ನಡುವೆ ಕರೆಂಟ್ ಹೋಗಿ ಯುಪಿಎಸ್ ಕೂಗಿದ್ದು ಬೇರೆ. ಪಾಸ್‌ವರ್ಡ್ 20 ಅಕ್ಷರಕ್ಕಿಂತ ಕಮ್ಮಿ ಇದ್ರೆ ಅದೇ ಎಚ್ಚರಿಸುತ್ತೆ. ಅಜ್ಜಿ ನನ್ನ ಬೈತಿದ್ದ ಒಂದು ಇಡೀ ಬೈಗುಳ ಹಾಕ್ದೆ, ಈ ಜನ್ಮಕ್ಕೆ ಮರೆಯಲ್ಲ. ಆದ್ರೂ ಒಂದು ಚೀಟೀಲಿ ಬರೆದು ಬ್ಯಾಂಕ್ ಲಾಕರ್‌ನಲ್ಲಿ ಒಡವೆ ಜೊತೆ ಇಟ್ಟೆ, ಯಾಕಂದ್ರೆ ಇದು ಮರೆತ್ರೆ ಯಾವ ಟೂಲೂ ಮೂರು ಪಾಸ್‌ವರ್ಡ್ ತಂದ್ಕೊಡಲ್ಲ.

ಆ ಪೆಟ್ಟಿಗೆ ತೆಗೆದ್ರೆ ವಿ ಅಂತ ಒಂದು ಡ್ರೈವ್ ಬರುತ್ತೆ, ಪಿಎಸ್‌ಟಿ ಈಗ ಅದರೊಳಗೆ. ಮೊದಲ ವಾರ ಅದನ್ನ ತೆಗೆಯದೇ ಔಟ್‌ಲುಕ್ ಒತ್ತಿ, ಫೈಲ್ ಇಲ್ಲ ಅಂತ ಬಂದು ಎದೆ ಧಸಕ್ ಅಂದಿದ್ದು ಮೂರು ಸಲ. ಹುಡುಗ ಹೋಗೋ ಮುಂಚೆ ಇನ್ನೊಂದು ಕೇಳ್ದ, "ಹಳೇ ಕಾಪಿ ಎಲ್ಲೆಲ್ಲಿ ಇದೆ ಚಿಕ್ಕಿ?" ಡಿ ಡ್ರೈವ್‌ನಲ್ಲಿ ಒಂದು, ಬ್ಯಾಕಪ್ ಅಂತ ಎರಡು ಪೆನ್‌ಡ್ರೈವ್‌ನಲ್ಲಿ, ಅದ್ರಲ್ಲಿ ಒಂದು ಪೆನ್‌ಡ್ರೈವ್ ಭಾವನ ಕಾರ್‌ನಲ್ಲಿ ಹಾಡು ಹಾಕ್ಕೊಳ್ಳಕ್ಕೆ ಅಂತ ನಾನೇ ಕೊಟ್ಟಿದ್ದು! ಅದನ್ನ ವಾಪಸ್ ತರಿಸಿದ್ದೇ ಒಂದು ಕಥೆ.

ಭಾವನಿಗೆ ಅಂತಾನೇ ಪ್ರಿಂಟ್‌ಗೆ ಬೇರೆ ಯೂಸರ್ ಅಕೌಂಟ್ ಮಾಡಿಟ್ಟಿದೀನಿ, ಚಾ ಮಾಡಕ್ಕೆ ಎದ್ರೆ ಪೆಟ್ಟಿಗೆ ಮುಚ್ಚೇ ಏಳೋದು. ಮೊನ್ನೆ ಬಂದಿದ್ರು, ಸುಮಾರು ಹೊತ್ತು ಮೌಸ್ ಆಡಿಸಿ, "ಎಂತ ಮಾರಾಯ್ತಿ, ಇಷ್ಟು ವರ್ಷ ಕಂಪ್ಯೂಟರ್ ಇಟ್ಕೊಂಡು ಒಂದು ಫೈಲೂ ಇಲ್ವಲ್ಲ ನಿಂದು" ಅಂದ್ರು. ಇನ್ನೊಂದು ಲೋಟ ಚಾ ಕೊಡ್ಲಾ ಭಾವ ಅಂದೆ.