ಸೊಂಟದ ಎಕ್ಸ್‌ರೇಯಲ್ಲಿ ಅಂಚುಗಳನ್ನೂ ನೋಡಿ

ಮುಂಬೈನ ಒಂದು ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ಟೆಕ್ನಿಷಿಯನ್. ಲೋಕಲ್‌ನಿಂದ ಬಿದ್ದವರು, ಬೈಕ್ ಸ್ಕಿಡ್ ಆದವರು, ಏಣಿಯಿಂದ ಜಾರಿದವರು ಬರ್ತಾನೇ ಇರುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲು ಹೇಳುವುದು ಇದು: ನಡುವಿನ ದಪ್ಪ ಮೂಳೆಯನ್ನು ಎಲ್ಲರೂ ನೋಡುತ್ತಾರೆ, ನೀವು ಅದರ ಚಾಚುಗಳನ್ನೂ ನೋಡಿ.

ಸೊಂಟದಲ್ಲಿ ಬೆನ್ನುಮೂಳೆಯ ಐದು ಮಣಿಗಳು, ಮೇಲಿನಿಂದ ಕೆಳಕ್ಕೆ ಎಲ್1ರಿಂದ ಎಲ್5ರವರೆಗೆ. ಒಂದೊಂದು ಮಣಿಗೂ ಏಳು ಮುಖ್ಯ ಚಾಚು. ಹಿಂದಕ್ಕೆ ಒಂದು ಸ್ಪೈನಸ್ ಪ್ರೋಸೆಸ್. ಬೆನ್ನ ಮೇಲೆ ಕೈಯಾಡಿಸಿದರೆ ಸಿಗುವ ಗಂಟು ಅದೇ. ಸೊಂಟಕ್ಕೆ ಇಂಜೆಕ್ಷನ್ ಕೊಡುವ ಅನಸ್ತೇಸಿಯಾ ಡಾಕ್ಟರು ಬೆರಳಿಂದ ಎಣಿಸುವುದೂ ಅದನ್ನೇ. ದೊಡ್ಡವರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಎಲ್1-ಎಲ್2ರ ಹತ್ತಿರ ಮುಗಿಯುತ್ತದೆ, ಹಾಗಾಗಿ ಸೂಜಿ ಅದಕ್ಕಿಂತ ಕೆಳಗೆ. ಮೇಲೆ ಎರಡು, ಕೆಳಗೆ ಎರಡು ಚಾಚು ಅಕ್ಕಪಕ್ಕದ ಮಣಿಗಳ ಜೊತೆ ಕೀಲು ಕೂಡಿಸುತ್ತವೆ. ಉಳಿದವು ಎಡಬಲಕ್ಕೆ ಚಾಚಿದ ಟ್ರಾನ್ಸ್‌ವರ್ಸ್ ಪ್ರೋಸೆಸ್‌ಗಳು. ತೆಳ್ಳಗಿರುತ್ತವೆ, ಫಿಲ್ಮಿನಲ್ಲಿ ಮಸುಕು ಮಸುಕು. ನನ್ನ ಮಾತೆಲ್ಲ ಇವುಗಳ ಬಗ್ಗೆಯೇ.

ಕುಂದಾಪುರ ಕಡೆಯ ಹೋಟೆಲ್ ಕೆಲಸದವರೊಬ್ಬರು ಒಂದು ಸಂಜೆ ಬಂದರು. ನಾನು ಕನ್ನಡದಲ್ಲಿ ಮಾತಾಡಿಸಿದ ಮೇಲೆ ಸ್ವಲ್ಪ ಹಗುರಾದರು.

“ಎಲ್ಲಿಂದ ಬಿದ್ದದ್ದು ಅಣ್ಣಾ?”

“ಅಟ್ಟದಿಂದ ಮಾರಾಯ್ರೇ, ಹಿಟ್ಟಿನ ಚೀಲ ಇಳಿಸುವಾಗ. ಗ್ರೈಂಡರಿನ ಅಂಚಿಗೆ ಸೊಂಟ ಬಡಿಯಿತು.”

ಫಿಲ್ಮಿನಲ್ಲಿ ಐದೂ ಮಣಿಗಳ ದಪ್ಪ ಭಾಗ ಸರಿಯಾಗಿಯೇ ಇತ್ತು. ಆದರೆ ಬಲಗಡೆ ಎಲ್2, ಎಲ್3ರ ಟ್ರಾನ್ಸ್‌ವರ್ಸ್ ಪ್ರೋಸೆಸ್‌ನಲ್ಲಿ ಗೆರೆ ತುಂಡಾಗಿತ್ತು, ತುದಿಗಳು ಚೂರು ಕೆಳಗೆ ಜಾರಿದ್ದವು. ಮೂತ್ರದ ಬಣ್ಣ ಹೇಗಿದೆ ಅಂತ ಕೇಳಿದೆ. “ಡಿಕಾಕ್ಷನ್ ಥರ ಇತ್ತು” ಅಂದರು. ತಕ್ಷಣ ಕ್ಯಾಶುವಾಲ್ಟಿ ಡಾಕ್ಟರಿಗೆ ಫೋನ್ ಮಾಡಿ ಎರಡೂ ವಿಷಯ ಹೇಳಿದೆ. ಸಿಟಿ ಸ್ಕ್ಯಾನ್ ಆಯಿತು. ಬಲ ಕಿಡ್ನಿಗೆ ಏಟು ಬಿದ್ದು ಸುತ್ತ ರಕ್ತ ಕಟ್ಟಿತ್ತು. ಅಡ್ಮಿಟ್ ಮಾಡಿಕೊಂಡು ಬಿ.ಪಿ., ಹಿಮೋಗ್ಲೋಬಿನ್ ನೋಡುತ್ತಾ ಇಟ್ಟುಕೊಂಡರು. ಆಪರೇಷನ್ ಬೇಕಾಗಲಿಲ್ಲ.

ಈ ಚಾಚು ಮಾತ್ರ ಮುರಿದರೆ ಸಾಮಾನ್ಯವಾಗಿ ನೋವಿನ ಮಾತ್ರೆ, ವಿಶ್ರಾಂತಿ, ಅಷ್ಟೇ. ಆದರೆ ಸುತ್ತಲೂ ದಪ್ಪ ಮಾಂಸಖಂಡ ಇರುವ ಮೂಳೆ ಅದು. ಸುಮ್ನೆ ಮುರಿಯಲ್ಲ. ಮುರಿದಿದೆ ಅಂದರೆ ಸಾಮಾನ್ಯವಾಗಿ ಜೋರಾದ ಪೆಟ್ಟೇ ಬಿದ್ದಿರುತ್ತದೆ, ಮತ್ತು ಮೇಲಿನ ಮಣಿಗಳ ಚಾಚಿನ ಮುಂದೆಯೇ ಕಿಡ್ನಿ ಇದೆ. ಎಲ್5ರದ್ದು ಬೇರೆ ಕಥೆ. ಅದರ ಚಾಚಿನಿಂದ ಗಟ್ಟಿ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟುವ ಪಟ್ಟಿ, ಒಂದು ಪೆಲ್ವಿಸ್‌ನ (ಸೊಂಟದ ಕೆಳಗಿನ ಮೂಳೆಗಳ ಬಳೆ) ಅಗಲ ಮೂಳೆಗೆ ಹೋಗುತ್ತದೆ. ಪೆಲ್ವಿಸ್ ಒಡೆದಾಗ ಆ ಎಳೆತಕ್ಕೆ ಎಲ್5ರ ಚಾಚೂ ಕಿತ್ತು ಬರಬಹುದು.

ಎಕ್ಸ್‌ರೇಯಲ್ಲಿ ಇದು ತಪ್ಪಿಹೋಗುವುದು ಜಾಸ್ತಿ. ಕರುಳಿನ ಗ್ಯಾಸ್ ಮೇಲೆ ಬಂದು ಕೂತರೆ ಮುಗೀತು. ಚಾಚಿನ ತುದಿ ಫಿಲ್ಮಿನಿಂದ ಹೊರಗುಳಿದರೂ ಅಷ್ಟೇ. ಅದಕ್ಕೇ ಕಾಲಿಮೇಶನ್, ಅಂದರೆ ಕಿರಣ ಬೀಳುವ ಜಾಗದ ಚೌಕಟ್ಟು, ತೀರಾ ಬಿಗಿ ಮಾಡಬೇಡಿ ಅನ್ನುತ್ತೇನೆ. ಎಲ್3ರದ್ದು ಸಾಮಾನ್ಯವಾಗಿ ಎಲ್ಲಕ್ಕಿಂತ ಉದ್ದ, ಅದರ ತುದಿ ಎರಡೂ ಕಡೆ ಫಿಲ್ಮಿನೊಳಗೆ ಬಂದಿರಬೇಕು. ಅಂಚು ನುಣ್ಣಗೆ, ಬಿಳಿ ಗೆರೆ ಕಟ್ಟಿದಂತಿದ್ದರೆ ಹುಟ್ಟಿನಿಂದಲೇ ಕೂಡಿಕೊಳ್ಳದೆ ಉಳಿದ ತುಂಡಿರಬಹುದು; ಎಲ್1ರ ಪಕ್ಕ ಸಣ್ಣ ಪಕ್ಕೆಲುಬೂ ಇರಬಹುದು. ಹೊಸ ಮುರಿತದ ಅಂಚು ಒರಟು. ಸಂಶಯ ಇದ್ದರೆ ರೇಡಿಯಾಲಜಿಸ್ಟ್‌ಗೆ ತೋರಿಸಿ, ನಿರ್ಧಾರ ಅವರದ್ದು. ಎಲ್5ರದ್ದು ಮುರಿದಂತೆ ಕಂಡರೆ ಪೆಲ್ವಿಸ್ ಫಿಲ್ಮೂ ಬೇಕಾ ಅಂತ ಡಾಕ್ಟರನ್ನು ಕೇಳಿಯೇ ರೋಗಿಯನ್ನು ಟೇಬಲ್‌ನಿಂದ ಇಳಿಸಿ.