ಆಲಿವ್ ಗಾಣದ ಮುಂದೆ ಸರದಿ

ಇಟಲಿಯ ಟಸ್ಕನಿ ಪ್ರಾಂತ್ಯದ ಹಳ್ಳಿಗಾಡಿನ ಚಿತ್ರವೆಂದರೆ ಎಲ್ಲ ಕ್ಯಾಲೆಂಡರುಗಳಲ್ಲೂ ಒಂದೇ. ಹಸಿರು ದಿಬ್ಬ, ಅದರ ನೆತ್ತಿಯಲ್ಲೊಂದು ಒಂಟಿ ಮನೆ, ಮನೆಯವರೆಗೂ ಬಳುಕುತ್ತಾ ಹೋಗುವ ದಾರಿಗೆ ಸೈಪ್ರೆಸ್ ಮರಗಳ ಸಾಲು. ಸಿಯೆನಾ ಪಟ್ಟಣದ ದಕ್ಷಿಣಕ್ಕಿರುವ ಓರ್ಚಾ ಕಣಿವೆಯಲ್ಲಿ ವಸಂತ ಕಾಲದಲ್ಲಿ ತೆಗೆದ ಚಿತ್ರಗಳವು. ನಾವು ಅಲ್ಲಿಗೆ ಹೋದದ್ದು ನವೆಂಬರಿನಲ್ಲಿ. ಬೊಲೊನ್ಯಾದಲ್ಲಿ ಕೆಲಸದಲ್ಲಿರುವ ಮಗಳಿಗೆ ನವೆಂಬರ್ 1ರ ಸಂತರ ಹಬ್ಬದ ರಜೆಯ ಜೊತೆಗೆ ಮುಂದಿನ ದಿನಗಳನ್ನೂ ಸೇರಿಸಿಕೊಳ್ಳಲು ಬಂದದ್ದು ಆಗಲೇ. ಗೋಧಿ ಬಿತ್ತನೆಗೆಂದು ದಿಬ್ಬಗಳನ್ನೆಲ್ಲ ಉತ್ತು ಬಿಟ್ಟಿದ್ದರು. ಕಣ್ಣು ಹಾಯುವಷ್ಟು ದೂರವೂ ಬೂದು ಬಣ್ಣದ ಜೇಡಿಮಣ್ಣಿನ ಹೆಂಟೆಗಳು. ನಮ್ಮವರು ಕಾರಿನ ಕಿಟಕಿಯಿಂದ ಅದನ್ನೇ ಬಹಳ ಹೊತ್ತು ನೋಡಿ, "ಇಷ್ಟು ನೋಡುವುದಕ್ಕೆ ನವಲಗುಂದ ಸಾಕಿತ್ತಲ್ಲವೇ?" ಎಂದರು.

ನನಗೇನೋ ನವೆಂಬರೇ ಸರಿಯೆನಿಸಿತು. ಬಸ್ಸುಗಟ್ಟಲೆ ಜನರಿಲ್ಲ, ಕೋಣೆಗಳ ಬಾಡಿಗೆ ಇಳಿದಿರುತ್ತದೆ, ಊರಿನವರಿಗೆ ಮಾತನಾಡಲು ಬಿಡುವಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದು ಆಲಿವ್ ಕೊಯ್ಲಿನ ಕಾಲ.

ನೋಡಲೇಬೇಕಾದ ಜಾಗಗಳ ಪಟ್ಟಿಯನ್ನು ಮಗಳು ಮೊದಲೇ ಮುಗಿಸಿಬಿಟ್ಟಳು. ಪಿಯೆಂಜಾ ಚಿಕ್ಕ ಊರು, ಈ ತುದಿಯಿಂದ ಆ ತುದಿಗೆ ಕಾಲು ಗಂಟೆಯ ನಡಿಗೆಯೂ ಆಗದು. ಅಲ್ಲಿ ಹುಟ್ಟಿದ ಎನೆಯಾ ಸಿಲ್ವಿಯೊ ಪಿಕ್ಕೊಲೊಮಿನಿ 1458ರಲ್ಲಿ ಎರಡನೆಯ ಪಿಯುಸ್ ಎಂಬ ಹೆಸರಿನಲ್ಲಿ ಪೋಪ್ ಆದ. ಆದ ಮರುವರ್ಷವೇ ವಾಸ್ತುಶಿಲ್ಪಿ ಬೆರ್ನಾರ್ದೊ ರೊಸ್ಸೆಲ್ಲಿನೊನನ್ನು ಕರೆಸಿ ತನ್ನ ಹಳ್ಳಿಯನ್ನು ಹೊಸದಾಗಿ ಕಟ್ಟಿಸಲು ಹಿಡಿದ, ಊರಿಗೆ ತನ್ನದೇ ಹೆಸರಿಟ್ಟ. ಊರಿಗೆ ಉಪಕಾರ ಮಾಡುವ ದೊಡ್ಡವರೆಲ್ಲ ತಮ್ಮ ಹೆಸರಿನ ಫಲಕವನ್ನೂ ಜೊತೆಗೇ ತರುತ್ತಾರೆ. ಚೌಕದಲ್ಲಿ ನಿಂತು ನೋಡಿದರೆ ಎಲ್ಲವೂ ಅಳತೆಗೆ ತಕ್ಕಂತೆ, ಚೊಕ್ಕ. ಕಣಿವೆಯ ಕಡೆಗಿರುವ ಚರ್ಚಿನ ಹಿಂಭಾಗ ಮಾತ್ರ ಕಟ್ಟಿದ ಕಾಲದಿಂದಲೂ ಕುಸಿಯುತ್ತಾ ಬಂದಿದೆಯಂತೆ, ಒಳಗಿನ ಗೋಡೆಗಳಲ್ಲಿ ಬಿರುಕುಗಳು ಕಾಣುತ್ತವೆ.

ಬೀದಿಯ ತುಂಬ ಕುರಿಹಾಲಿನ ಪೆಕೊರಿನೊ ಚೀಸಿನ ವಾಸನೆ. ಆಕ್ರೋಡಿನ ಎಲೆಯಲ್ಲಿ ಸುತ್ತಿದ್ದು, ಬೂದಿ ಬಳಿದಿದ್ದು, ಹುಲ್ಲಿನಲ್ಲಿ ಹುದುಗಿಸಿಟ್ಟಿದ್ದು, ಹೀಗೆ ಹಲವು ಬಗೆ. ಸಸ್ಯಾಹಾರಿಗಳು ಇಲ್ಲಿ ಒಂದು ಪ್ರಶ್ನೆ ಕೇಳಬೇಕಾಗುತ್ತದೆ. ಹಾಲು ಒಡೆಸುವುದಕ್ಕೆ ಸಾಮಾನ್ಯವಾಗಿ ಬಳಸುವುದು ಎಳೆಗರು ಅಥವಾ ಕುರಿಮರಿಯ ಜಠರದಿಂದ ತೆಗೆದ ರೆನೆಟ್. ಮುಳ್ಳುಗಿಡದ ಹೂವಿನಿಂದ ಒಡೆಸಿದ ಪೆಕೊರಿನೊ ಕೂಡ ಸಿಗುತ್ತದೆ, ಕೇಳಿದರೆ ತೋರಿಸುತ್ತಾರೆ. ಪಾರ್ಮಿಜಾನೊ ಚೀಸಿನಲ್ಲಿ ಅಂಥ ಆಯ್ಕೆಯೇ ಇಲ್ಲ, ಅದಕ್ಕೆ ಕರುವಿನ ರೆನೆಟ್ಟೇ ಆಗಬೇಕು.

ಬಾನ್ಯೊ ವಿನ್ಯೋನಿ ನನಗೆ ಹೆಚ್ಚು ಹಿಡಿಸಿತು. ಬೇರೆ ಊರುಗಳಲ್ಲಿ ಚೌಕ ಇರುವ ಜಾಗದಲ್ಲಿ ಇಲ್ಲಿ ಕಲ್ಲು ಕಟ್ಟಿದ ದೊಡ್ಡ ಕೊಳವಿದೆ. ಆರಿಹೋದ ಜ್ವಾಲಾಮುಖಿಯಾದ ಅಮಿಯಾತಾ ಬೆಟ್ಟದ ಕಡೆಯಿಂದ ನೆಲದಡಿಯಲ್ಲೇ ಬರುವ ಬಿಸಿನೀರು ಅಲ್ಲಿ ಬುಗ್ಗೆಯಾಗಿ ಏಳುತ್ತದೆ, ಚಳಿಯಲ್ಲಿ ಕೊಳದ ಮೇಲೆಲ್ಲ ಹಬೆ. ಈಗ ಅದರಲ್ಲಿ ಇಳಿಯಲು ಬಿಡುವುದಿಲ್ಲ. ಆದರೆ ಕೊಳದಿಂದ ಹೊರಟ ನೀರು ಸಣ್ಣ ಕಾಲುವೆಗಳಲ್ಲಿ ಹರಿದು ಊರಿನಾಚೆಯ ಬಂಡೆಯಂಚಿನಿಂದ ಕೆಳಕ್ಕೆ ಬೀಳುತ್ತದೆ. ಆ ಬಂಡೆಯನ್ನೇ ಕೊರೆದು ಮಾಡಿದ ಹಳೆಯ ಹಿಟ್ಟಿನ ಗಿರಣಿಗಳು ಕೆಳಗಿವೆ. ಕಾಲುವೆಯಂಚಿನಲ್ಲಿ ಕುಳಿತು ಪಾದ ಮುಳುಗಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಟಿಕೆಟ್ಟೂ ಇಲ್ಲ. ನಮ್ಮವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಆದರೆ ನಾನು ಹೇಳಹೊರಟಿದ್ದು ಮರುದಿನದ ಕಥೆ.

ನಾವು ಇಳಿದುಕೊಂಡಿದ್ದದ್ದು ಡಾಂಬರು ಕಾಣದ ಬಿಳಿ ಜಲ್ಲಿ ರಸ್ತೆಯ ಕೊನೆಗಿದ್ದ ಒಂದು ಅಗ್ರಿತುರಿಸ್ಮೊದಲ್ಲಿ. ಅಂದರೆ ಅತಿಥಿಗಳಿಗೆ ಕೋಣೆ ಕೊಡುವ ರೈತರ ಮನೆ. ಇದಕ್ಕೆಂದೇ ಇಟಲಿಯಲ್ಲಿ 1985ರಲ್ಲಿ ಕಾನೂನು ಬಂತು. ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಅತಿಥಿಗಳಿಂದ ಬರುವುದು ಅದಕ್ಕೆ ಪೂರಕವಷ್ಟೇ ಎಂಬುದು ಅದರ ತಿರುಳು. ಹೆಸರಿಗೆ ಮಾತ್ರ ನಾಲ್ಕು ಬಳ್ಳಿ ನೆಟ್ಟುಕೊಂಡು ಈಜುಕೊಳ ತೋರಿಸುವವರೂ ಇದ್ದಾರೆ. ನಮಗೆ ಸಿಕ್ಕ ಮನೆ ನಿಜವಾದ ಒಕ್ಕಲು ಮನೆ. ಎಪ್ಪತ್ತು ದಾಟಿದ ಅಜ್ಜ, ಅವರ ಮಗ ಮತ್ತು ಸೊಸೆ. ಕೋಣೆ ಕಾದಿರಿಸುವಾಗಲೇ ಮಗಳು, "ಕೊಯ್ಲಿಗೆ ನಾವೂ ಬರಬಹುದೇ?" ಎಂದು ಕೇಳಿದ್ದಳು. "ಮಳೆ ಬರದಿದ್ದರೆ ಬನ್ನಿ, ಹಳೆಯ ಬಟ್ಟೆ ತನ್ನಿ" ಎಂದು ಸೊಸೆ ಉತ್ತರಿಸಿದ್ದರು.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೆಲಸ ಶುರುವಾಯಿತು. ಮರದ ಬುಡದ ಸುತ್ತ ಹಸಿರು ಬಲೆ ಹಾಸುತ್ತಾರೆ. ಇಳಿಜಾರಿನ ಕಡೆ ಅಂಚನ್ನು ಕೋಲು ಕೊಟ್ಟು ಎತ್ತಿ ನಿಲ್ಲಿಸದಿದ್ದರೆ ಕಾಯಿಗಳೆಲ್ಲ ಉರುಳಿ ಪಕ್ಕದವರ ಹೊಲ ಸೇರುತ್ತವೆ. ಮಗನ ಕೈಯಲ್ಲಿ ಬ್ಯಾಟರಿಯಿಂದ ನಡೆಯುವ ಉದ್ದದ ಕೋಲು, ಅದರ ತುದಿಯ ಬೆರಳುಗಳು ಕೊಂಬೆಯನ್ನು ಗಡಗಡ ನಡುಗಿಸಿ ಕಾಯಿ ಉದುರಿಸುತ್ತವೆ. ನಮಗೆ ಕೊಟ್ಟದ್ದು ಪ್ಲಾಸ್ಟಿಕ್ಕಿನ ಹಣಿಗೆ. ರೆಂಬೆಯನ್ನು ಎಡಗೈಯಲ್ಲಿ ಹಿಡಿದು ಬುಡದಿಂದ ತುದಿಗೆ ಬಾಚಿದರೆ ಕಾಯಿ ಬಲೆಯ ಮೇಲೆ ಪಟಪಟನೆ ಬೀಳುತ್ತದೆ. ಅರ್ಧ ಹಸಿರು, ಅರ್ಧ ನೇರಳೆ ಬಣ್ಣಕ್ಕೆ ತಿರುಗಿದ ಹೊತ್ತಿನಲ್ಲೇ ಕೊಯ್ಯಬೇಕು. ಪೂರ್ತಿ ಹಣ್ಣಾದರೆ ಎಣ್ಣೆ ಹೆಚ್ಚು ಬಂದೀತು, ಘಮ ಹೋಗುತ್ತದೆ. ನಮ್ಮವರು ಒಂದು ಕಾಯಿಯನ್ನು ಬಾಯಿಗೆ ಹಾಕಿಕೊಂಡರು. ಹಸಿ ಆಲಿವಿನ ಕಹಿಯನ್ನು ಮುಖದಲ್ಲಿ ಮುಚ್ಚಿಡುವುದು ಯಾರಿಂದಲೂ ಆಗದು. ಅಜ್ಜ ಅದಕ್ಕಾಗಿಯೇ ಕಾಯುತ್ತಿದ್ದವರಂತೆ ಜೋರಾಗಿ ನಕ್ಕರು.

ಪ್ರತಿ ಮರವೂ ಒಂದೇ ಬುಡದಿಂದ ಮೂರು ನಾಲ್ಕು ಕಾಂಡಗಳಾಗಿ ಕವಲೊಡೆದು ನಿಂತಿತ್ತು. ಹಾಗೆ ಬೆಳೆಸುವ ಪದ್ಧತಿಯಿರಬೇಕು ಎಂದುಕೊಂಡು ಕೇಳಿದೆ. ಅಜ್ಜ ಕೆಲಸ ನಿಲ್ಲಿಸಿ, ಮಗಳಿಗೆ ಅನುವಾದಿಸಲು ಬಿಡುವು ಕೊಡುತ್ತಾ ಹೇಳಿದರು. 1985ರ ಜನವರಿಯಲ್ಲಿ ಟಸ್ಕನಿಯ ಕೆಲವೆಡೆ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯಿತು. ಕಾಂಡದೊಳಗಿನ ರಸ ಹೆಪ್ಪುಗಟ್ಟಿ ತೊಗಟೆ ಸೀಳಿತು, ಲಕ್ಷಾಂತರ ಮರಗಳು ಒಣಗಿದವು. ನೆಲಮಟ್ಟಕ್ಕೆ ಕಡಿದು ಹಾಕಿದರು. ಬೇರು ಬದುಕಿದ್ದ ಕಡೆ ಚಿಗುರು ಒಡೆಯಿತು, ಆ ಚಿಗುರುಗಳೇ ಈಗಿನ ಕಾಂಡಗಳು. ಆ ಸಲ ಕಡಿದ ಮರಗಳನ್ನು ಅವರಪ್ಪ ಎಷ್ಟೋ ಚಳಿಗಾಲ ಒಲೆಗೆ ಹಾಕಿದರಂತೆ. ಅತಿಥಿಗಳಿಗೆ ಕೋಣೆ ಕೊಡಬಹುದೆಂಬ ಕಾನೂನು ಬಂದದ್ದು ಅದೇ ವರ್ಷದ ಕೊನೆಗೆ ಎಂಬುದನ್ನು ನಾನು ಆಮೇಲೆ ಲೆಕ್ಕ ಹಾಕಿದೆ.

ಮಧ್ಯಾಹ್ನ ಬಲೆಯ ಪಕ್ಕದಲ್ಲೇ ಊಟ. ಬರಿಯ ಹಿಟ್ಟು ನೀರಿನಲ್ಲಿ ಕಲಸಿ ಅಂಗೈಯಲ್ಲಿ ಹೊಸೆದು ಮಾಡಿದ ದಪ್ಪ ಎಳೆಗಳ ಪೀಚಿ, ಮೇಲೆ ಟೊಮೆಟೊ ಮತ್ತು ಬೆಳ್ಳುಳ್ಳಿಯ ಗೊಜ್ಜು. ಮೊಟ್ಟೆ, ಮಾಂಸ ಯಾವುದೂ ಇಲ್ಲ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮೊದಲ ತುತ್ತಿಗೆ ಪೆಚ್ಚಾಗುವುದು ಖಂಡಿತ, ಬೇಳೆಯ ಸಾರಿನಲ್ಲಿ ಅದ್ದಿದಾಗ ಸರಿಹೋಗುತ್ತದೆ.

ಊಟದ ಹೊತ್ತಿಗೆ ಮನೆಯ ಮಾತು ಬಂತು. ನಾವು ರಾತ್ರಿ ಊಟ ಮಾಡಿದ ಕೆಳಗಿನ ಹಾಲ್ ಮೊದಲು ದನದ ಕೊಟ್ಟಿಗೆಯಾಗಿತ್ತು. ಮನೆಮಂದಿ ಮಹಡಿಯಲ್ಲಿ ಮಲಗುತ್ತಿದ್ದರು, ಕೆಳಗಿನ ಎತ್ತುಗಳ ಮೈ ಶಾಖ ಮೇಲಿನವರಿಗೆ. ಭೂಮಿ ಅವರದಾಗಿರಲಿಲ್ಲ. ಒಡೆಯನದು ಹೊಲ ಮತ್ತು ಮನೆ, ಒಕ್ಕಲಿನದು ದುಡಿಮೆ, ಬೆಳೆ ಅರ್ಧ ಅರ್ಧ. ಮೆಜ್ಜಾದ್ರಿಯಾ ಎಂಬ ಈ ಪದ್ಧತಿಯಲ್ಲಿ ಒಕ್ಕಲು ತಾನು ಮಾಡುವ ಹೊಲದಲ್ಲೇ ವಾಸ ಮಾಡಬೇಕಿತ್ತು. ಕ್ಯಾಲೆಂಡರಿನ ಒಂಟಿ ಮನೆಗಳು ದಿಬ್ಬಕ್ಕೊಂದರಂತೆ ಚೆದುರಿ ನಿಂತಿರುವುದು ಅದೇ ಕಾರಣಕ್ಕೆ. ಅಲ್ಲಿಯವರೆಗೆ ಬ್ರೆಡ್ಡಿನ ಮೇಲೆ ಗಮನವಿಟ್ಟಿದ್ದ ನಮ್ಮವರು ತಲೆಯೆತ್ತಿದರು. ಅವರ ಅಜ್ಜ ಧಾರವಾಡ ಜಿಲ್ಲೆಯಲ್ಲಿ ಕೋರಿಗೆ ಹೊಲ ಮಾಡುತ್ತಿದ್ದವರು. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ 7ನೇ ನಮೂನೆಯ ಅರ್ಜಿ ಹಾಕಿ, ಭೂನ್ಯಾಯಮಂಡಳಿಗೆ ಅಲೆದು ಹೊಲ ತಮ್ಮ ಹೆಸರಿಗೆ ಮಾಡಿಸಿಕೊಂಡವರು. "ನಿಮ್ಮಲ್ಲಿ ಉಳುವವನಿಗೆ ಹೊಲ ಸಿಗಲಿಲ್ಲವೇ?" ಎಂದು ಕೇಳಿದರು.

"ಸಿಗಲಿಲ್ಲ, ಕೊಂಡೆವು" ಎಂದರು ಅಜ್ಜ. 1964ರ ಕಾನೂನು ಹೊಸ ಮೆಜ್ಜಾದ್ರಿಯಾ ಕರಾರುಗಳನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ಸುತ್ತಲಿನ ಒಕ್ಕಲುಗಳು ಮನೆಗೆ ಬೀಗ ಹಾಕಿ ಕಾರ್ಖಾನೆಗಳಿರುವ ಊರುಗಳಿಗೆ ಹೊರಟುಬಿಟ್ಟಿದ್ದರು. ಪಾಳುಬಿದ್ದ ಹೊಲಗಳಿಗೆ ಸಾರ್ಡೀನಿಯಾ ದ್ವೀಪದ ಕುರುಬರು ಮಂದೆ ಸಮೇತ ಬಂದು ನೆಲೆಸಿದರು. ಪಿಯೆಂಜಾದ ಚೀಸಿನ ಇಂದಿನ ಹೆಸರಿನ ಹಿಂದೆ ಅವರ ಪಾಲೂ ಇದೆ. ಇವರಪ್ಪ ಮಾತ್ರ ಸಾಲ ಮಾಡಿ ಇದ್ದ ಮನೆಯನ್ನೇ ಕೊಂಡರು. "ಎಲ್ಲರೂ ಹುಚ್ಚ ಎಂದರು. ಈಗ ಅದೇ ಎಲ್ಲರ ಮೊಮ್ಮಕ್ಕಳು ಬಂದು ಇಲ್ಲಿ ಕೋಣೆ ಕೇಳುತ್ತಾರೆ." ಇಬ್ಬರು ಅಜ್ಜಂದಿರ ಲೆಕ್ಕ ಹಾಕುತ್ತಾ ಊಟ ಲಂಬಿಸಿತು. ಕೊನೆಗೆ ಸೊಸೆ ಎದ್ದು ಹಣಿಗೆಗಳನ್ನು ಎಲ್ಲರ ಕೈಗೂ ಕೊಟ್ಟರು.

ಐದು ಗಂಟೆಗೆಲ್ಲ ಕತ್ತಲು. ನನ್ನ ಕತ್ತು ಮೇಲೆ ನೋಡಿದ ಭಂಗಿಯಲ್ಲೇ ಹಿಡಿದುಕೊಂಡಿತ್ತು. ಕೊಯ್ದ ಕಾಯಿಯನ್ನು ರಾಶಿ ಹಾಕಿಟ್ಟರೆ ಬಿಸಿಯೇರಿ ಹುಳಿತು ಎಣ್ಣೆ ಕೆಡುತ್ತದೆ. ಹಾಗಾಗಿ ಆ ರಾತ್ರಿಯೇ ಗಾಣಕ್ಕೆ. ರಂಧ್ರಗಳಿರುವ ಪ್ಲಾಸ್ಟಿಕ್ ಕ್ರೇಟುಗಳನ್ನು ಟ್ರಾಲಿಗೆ ತುಂಬಿಸಿ ನಾವೂ ಕಾರಿನಲ್ಲಿ ಹಿಂಬಾಲಿಸಿದೆವು.

ಇಡೀ ಪ್ರವಾಸದಲ್ಲಿ ಮತ್ತೊಮ್ಮೆ ನೋಡಬೇಕೆನಿಸುವ ಜಾಗ ಯಾವುದೆಂದು ಕೇಳಿದರೆ ನಾನು ಆ ಗಾಣವನ್ನೇ ಹೇಳುತ್ತೇನೆ. ಹಳೆಯ ಬೀಸುವ ಕಲ್ಲುಗಳನ್ನು ಅಂದಕ್ಕೆಂದು ಅಂಗಳದಲ್ಲಿ ನಿಲ್ಲಿಸಿದ್ದರು, ಒಳಗೆ ಎಲ್ಲವೂ ಉಕ್ಕಿನ ಯಂತ್ರಗಳು. ಕೊಯ್ಲಿನ ಕಾಲದಲ್ಲಿ ರಾತ್ರಿಯಿಡೀ ನಡೆಯುತ್ತದೆ. ನಮ್ಮ ಸರದಿ ಎಂಟಕ್ಕೆಂದು ಹೇಳಿದ್ದರು, ಬಂದದ್ದು ಹತ್ತೂವರೆಗೆ. ಯಾರಿಗೂ ಅದರ ಬಗ್ಗೆ ತಕರಾರಿರಲಿಲ್ಲ. ಮೂಲೆಯಲ್ಲಿ ಬೆಂಕಿ ಉರಿಯುತ್ತಿತ್ತು, ಸುತ್ತ ಬೆಂಚುಗಳು, ಬೂಟಿಗೆ ಮಣ್ಣು ಮೆತ್ತಿಕೊಂಡ ರೈತರು. ಅವರು ಕಾಯಿ ಎಣಿಸುವುದೂ ಕ್ವಿಂಟಲ್ ಲೆಕ್ಕದಲ್ಲೇ. ಹೀಗಾಗಿ ನಮ್ಮವರಿಗೆ ಭಾಷೆಯಿಲ್ಲದೆಯೇ ಮಾತು ಅರ್ಧ ಅರ್ಥವಾಗುತ್ತಿತ್ತು. ಯಾರ ಮರ ಈ ಸಲ ಎಷ್ಟು ಕೊಟ್ಟಿತು, ಯಾರ ಕಾಯಿಗೆ ನೊಣ ಬಿದ್ದಿತು ಎಂಬುದೇ ಚರ್ಚೆ.

ಪ್ರತಿಯೊಬ್ಬರ ಕಣ್ಣೂ ಮಾತ್ರ ತಮ್ಮ ಕ್ರೇಟುಗಳ ಮೇಲೆ. ಕೆಲವು ಕ್ವಿಂಟಲ್ ಇದ್ದವರದನ್ನು ಬೇರೆಯಾಗಿ ಆಡಿಸುತ್ತಾರೆ, ಅದಕ್ಕಿಂತ ಕಡಿಮೆ ತಂದವರು ಇನ್ನೊಬ್ಬರ ಜೊತೆ ಸೇರಿಸಬೇಕು. ಯಾರ ಜೊತೆ ಸೇರಿಸುವುದೆನ್ನುವುದು ಸಂಬಂಧ ಬೆಳೆಸುವಷ್ಟೇ ಜೋಪಾನದ ವಿಷಯ. ಪಕ್ಕದವನ ಕಾಯಿ ಕೆಟ್ಟಿದ್ದರೆ ನಮ್ಮೆಣ್ಣೆಯೂ ಕೆಡುತ್ತದೆ. ನಮ್ಮ ಅಜ್ಜನವರದು ಮೂರೂವರೆ ಕ್ವಿಂಟಲ್ ತೂಗಿತು. ಎಲೆ ಹಾರಿಸಿ, ತೊಳೆದು, ಬೀಜ ಸಮೇತ ಅರೆದು, ಆ ಮುದ್ದೆಯನ್ನು ಮುಚ್ಚಿದ ತೊಟ್ಟಿಯಲ್ಲಿ ಮುಕ್ಕಾಲು ಗಂಟೆ ಮೆಲ್ಲಗೆ ತಿರುವುತ್ತಾರೆ. ಶಾಖ 27 ಡಿಗ್ರಿ ಮೀರಬಾರದು, ಮೀರಿದರೆ ಡಬ್ಬಿಯ ಮೇಲೆ ತಣ್ಣನೆಯ ಗಾಣದ್ದೆಂದು ಬರೆದುಕೊಳ್ಳುವಂತಿಲ್ಲ. ಆಮೇಲೆ ವೇಗವಾಗಿ ತಿರುಗುವ ಯಂತ್ರ ಹಿಂಡಿ, ನೀರು, ಎಣ್ಣೆಗಳನ್ನು ಬೇರ್ಪಡಿಸುತ್ತದೆ. ಬೀಜದ ಚೂರನ್ನು ಒಣಗಿಸಿ ಮನೆ ಬೆಚ್ಚಗಿಡುವ ಒಲೆಗಳಿಗೆ ಉರಿಸುತ್ತಾರೆ.

ನಲ್ಲಿಯ ತುದಿಗೆ ಎಣ್ಣೆ ಬಂದಾಗ ಅಜ್ಜ ಎಲ್ಲರಿಗಿಂತ ಮುಂದೆ ನಿಂತಿದ್ದರು. ಅಂಗಡಿಯ ಬಾಟಲಿಯಲ್ಲಿ ಕಾಣುವ ಹೊಂಬಣ್ಣವಲ್ಲ ಅದು, ಮಬ್ಬು ಮಬ್ಬಾದ ಕಡು ಹಸಿರು. ಬೆಂಕಿಯಲ್ಲಿ ಸುಟ್ಟ ಬ್ರೆಡ್ಡಿಗೆ ಹಸಿ ಬೆಳ್ಳುಳ್ಳಿ ತಿಕ್ಕಿ, ಎಣ್ಣೆ ಸುರಿದು, ಉಪ್ಪು ಉದುರಿಸಿ ಮೊದಲ ತುಂಡನ್ನು ನಮ್ಮವರ ಕೈಗೆ ಕೊಟ್ಟರು. ನಾಲಿಗೆಗೆ ಹಸಿ ಹುಲ್ಲಿನ ಘಮ, ಹಿಂದೆಯೇ ಕಹಿ, ಗಂಟಲಿಗಿಳಿದ ಮೇಲೆ ಮೆಣಸಿನ ಖಾರ. ನಮ್ಮವರು ಕೆಮ್ಮತೊಡಗಿದರು. ಬೆಂಚುಗಳ ಮೇಲಿದ್ದವರೆಲ್ಲ ಸಂತೋಷದಿಂದ ತಲೆಯಾಡಿಸಿದರು. ಗಂಟಲು ಕೆರೆಯದ ಹೊಸ ಎಣ್ಣೆ ಅವರ ಪ್ರಕಾರ ಎಣ್ಣೆಯೇ ಅಲ್ಲ. ತೂಕ 47 ಕಿಲೋ ಬಂತು, ಕ್ವಿಂಟಲಿಗೆ ಇಷ್ಟೆಂದು ಗಾಣದವರಿಗೆ ಕೂಲಿ ಕೊಟ್ಟಾಯಿತು.

ಹೋಗುವವರಿಗೆ ಒಂದೆರಡು ಮಾತು. ಕೊಯ್ಲು ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗೆ. ಸ್ವಂತ ವಾಹನವಿಲ್ಲದೆ ಈ ಮನೆಗಳನ್ನು ತಲುಪುವುದು ಕಷ್ಟ. ಹಳೆಯ ಊರುಗಳ ಒಳಗೆ ಹೊರಗಿನವರ ಕಾರಿಗೆ ನಿಷೇಧವಿರುತ್ತದೆ, ಕ್ಯಾಮೆರಾದಲ್ಲಿ ಸಿಕ್ಕಿಬಿದ್ದರೆ ದಂಡದ ಚೀಟಿ ತಿಂಗಳುಗಳ ನಂತರವೂ ಬಂದೀತು. ಹೊರಗೆ ನಿಲ್ಲಿಸಿ ನಡೆಯುವುದು ಒಳ್ಳೆಯದು. ಎಣ್ಣೆಯನ್ನು ತಗಡಿನ ಡಬ್ಬಿಯಲ್ಲಿ ತಂದು, ವಿಮಾನದಲ್ಲಿ ದೊಡ್ಡ ಪೆಟ್ಟಿಗೆಗೇ ಹಾಕಬೇಕು.

ಅಜ್ಜ ಕೊಟ್ಟ ಡಬ್ಬಿ ಹುಬ್ಬಳ್ಳಿಗೆ ಬಂತು. ಜೋಳದ ರೊಟ್ಟಿಯ ಜೊತೆ ಶೇಂಗಾ ಚಟ್ನಿಪುಡಿಗೆ ಹಾಕಿ ನೋಡಿದೆವು, ಕುಸುಬೆ ಎಣ್ಣೆಯ ಜಾಗ ಅದಕ್ಕೆ ಸಿಗಲಿಲ್ಲ. ಬೇಯಿಸಿದ ಅಲಸಂದೆ ಕಾಳಿನ ಮೇಲೆ, ಹಸಿ ಉಳ್ಳಾಗಡ್ಡಿಯ ಜೊತೆ ಮಾತ್ರ ಅದ್ಭುತ. "ಒಗ್ಗರಣೆಗೆ ಸುರಿದು ಹಾಳು ಮಾಡಬೇಡಮ್ಮ" ಎಂದು ಮಗಳು ಫೋನಿನಲ್ಲಿ ಎಚ್ಚರಿಸುತ್ತಿದ್ದಳು. ಅದಕ್ಕೆ ಅವಕಾಶವೇ ಆಗಲಿಲ್ಲ, ಸಂಕ್ರಾಂತಿಯ ಹೊತ್ತಿಗೆ ಡಬ್ಬಿ ಖಾಲಿಯಾಗಿತ್ತು.