ತಿಂಗಳು ಮೊದಲು, ದಿನ ಆಮೇಲೆ: ಶಾಲೆಗೆ ಬಂದ ಹೊಸ ಟೆಲಿಸ್ಕೋಪಿನ ಮೊದಲ ರಾತ್ರಿಗಳು

2025ರ ಫೆಬ್ರವರಿ 3, ರಥಸಪ್ತಮಿಯ ಹಿಂದಿನ ಸಂಜೆ. ಏಳೂವರೆ ಗಂಟೆ. ನಮ್ಮ ವಸತಿ ಶಾಲೆಯ ಮೈದಾನದಲ್ಲಿ ಅರವತ್ತು ಮಕ್ಕಳು ಸಾಲಾಗಿ ಕೂತಿದ್ದರು. ನಡುವೆ ಹೊಸ ಟೆಲಿಸ್ಕೋಪ್. ಎಂಟು ಇಂಚು ಅಗಲದ ಕನ್ನಡಿಯ ಡಾಬ್ಸೋನಿಯನ್, ಅಂದರೆ ನೆಲದ ಮೇಲಿನ ಪೀಠದಲ್ಲಿ ಕೂತು ತಿರುಗುವ ಬಗೆಯದು, ಅದೂ ಕಂಪ್ಯೂಟರ್ ಇರುವಂಥದ್ದು. ಕೈಯಲ್ಲಿರುವ ಹ್ಯಾಂಡ್‌ಸೆಟ್‌ನಲ್ಲಿ ನಕ್ಷತ್ರದ ಹೆಸರು ಒತ್ತಿದರೆ ತಾನೇ ತಿರುಗಿ ಅಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಮಕ್ಕಳಿಗೆ ಒಂದು ವಾರದಿಂದ ಹೇಳಿದ್ದೆ.

ಕೊಳವೆಯನ್ನು ಉತ್ತರಕ್ಕೆ ಮುಖ ಮಾಡಿ ಮಟ್ಟಸವಾಗಿ ಇಟ್ಟೆ. ಕಂಪ್ಯೂಟರಿಗೆ ಆಕಾಶದ ದಿಕ್ಕು ಗೊತ್ತಾಗಲು ಮೊದಲು ಎರಡು ನಕ್ಷತ್ರ ತೋರಿಸಿಕೊಡಬೇಕು, ಅದಕ್ಕೆ ಅಲೈನ್‌ಮೆಂಟ್ ಅಂತಾರೆ. ಮೊದಲ ನಕ್ಷತ್ರ ರಿಗೆಲ್ ಅಂತ ಆರಿಸಿದೆ. ಮೋಟಾರು ಗುಂಯ್ ಎಂದಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಕೊಳವೆ ತಿರುಗಿ ತಿರುಗಿ ದಕ್ಷಿಣವನ್ನೂ ಸ್ವಲ್ಪ ದಾಟಿ ನಿಂತಿತು. ಐಪೀಸ್‌ನಲ್ಲಿ ಕಣ್ಣಿಟ್ಟೆ. ಬರೀ ಕತ್ತಲು.

ಗೇಟ್ ಹತ್ತಿರ ಕೂತಿದ್ದ ನಮ್ಮ ಕಾವಲುಗಾರ ಅಜ್ಜ ಎದ್ದು ಬಂದರು. ಮೇಲೆ ನೋಡಿದರು, ಕೊಳವೆ ನೋಡಿದರು. "ಮೇಷ್ಟ್ರೇ, ಸಾಲು ಚುಕ್ಕಿ ಈ ಕಡೆ ಅವೆ. ನಿಮ್ ಮಿಷನ್ನು ಆ ಕಡೆ ನೋಡ್ತೈತೆ."

ಹೌದು. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರ ಆಗ್ನೇಯದಲ್ಲಿ ನಿಚ್ಚಳವಾಗಿ ಕಾಣುತ್ತಿದ್ದವು. ರಿಗೆಲ್ ಅದರ ಪಕ್ಕದಲ್ಲೇ ಇತ್ತು. ನಾನು ಹ್ಯಾಂಡ್‌ಸೆಟ್ ನೋಡುವುದರಲ್ಲಿ ತಲೆ ಎತ್ತಿರಲಿಲ್ಲ.

ಆವತ್ತು ಕಂಪ್ಯೂಟರನ್ನು ಬದಿಗಿಟ್ಟೆ. ಬಾಣದ ಗುಂಡಿ ಒತ್ತುತ್ತಾ ಕೊಳವೆಯನ್ನು ಷಷ್ಠಿ ಚಂದ್ರನ ಕಡೆ ತಂದೆ. ಬೆಳಕು ಮತ್ತು ಕತ್ತಲೆ ಸೇರುವ ಗೆರೆಯ ಮೇಲೆ ಕುಳಿಗಳ ನೆರಳು ಎಷ್ಟು ಚೂಪಾಗಿ ಬಿದ್ದಿತ್ತು ಅಂದರೆ, ಒಬ್ಬ ಹುಡುಗ ಕಣ್ಣು ತೆಗೆಯಲೇ ಒಪ್ಪಲಿಲ್ಲ. ಆಮೇಲೆ ಪಶ್ಚಿಮದಲ್ಲಿ ಹೊಳೆಯುತ್ತಿದ್ದ ಶುಕ್ರ. ಶುಕ್ರನೂ ಚಂದ್ರನ ಹಾಗೇ ಅರ್ಧಕ್ಕಿಂತ ಕಡಿಮೆ ಬೆಳಗಿದ್ದ, ಪುಟ್ಟ ಕುಡುಗೋಲಿನ ಆಕಾರ. "ಸರ್, ಇದೂ ಚಂದ್ರಾನಾ?" ಅಂತ ಹತ್ತು ಮಕ್ಕಳಾದರೂ ಕೇಳಿದರು. ಸಂಜೆ ಹಾಳಾಗಲಿಲ್ಲ. ಆದರೆ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಕೂತು ನಾನು ತುಂಬಿದ್ದನ್ನೆಲ್ಲ ಒಂದೊಂದಾಗಿ ನೋಡಿದೆ. ಊರಿನ ಅಕ್ಷಾಂಶ ರೇಖಾಂಶ ಸರಿ. ಸಮಯ ವಲಯ +5:30 ಸರಿ. ತಾರೀಕು ಮಾತ್ರ ತಪ್ಪು. ನಾನು ನಮ್ಮ ರೂಢಿಯಂತೆ 03/02 ಅಂತ ಹಾಕಿದ್ದೆ. ಆ ಹ್ಯಾಂಡ್‌ಸೆಟ್ ಕೇಳುವುದು ಅಮೆರಿಕದವರ ಹಾಗೆ, ತಿಂಗಳು ಮೊದಲು, ದಿನ ಆಮೇಲೆ. ಅದು ಅದನ್ನು ಮಾರ್ಚ್ 2 ಅಂತ ಓದಿಕೊಂಡಿತ್ತು.

ಇದು ಸಣ್ಣ ತಪ್ಪು ಅನಿಸುತ್ತೆ, ಅಲ್ವಾ? ಲೆಕ್ಕ ಹಾಕಿ ನೋಡಿ. ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುತ್ತವೆ. ಫೆಬ್ರವರಿ 3ರಿಂದ ಮಾರ್ಚ್ 2ಕ್ಕೆ 27 ದಿನ. ಅಂದರೆ 108 ನಿಮಿಷ, ಹತ್ತಿರ ಹತ್ತಿರ ಎರಡು ಗಂಟೆಯ ವ್ಯತ್ಯಾಸ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಸುಮಾರು 27 ಡಿಗ್ರಿ ಆಚೆ. ಕೈ ಚಾಚಿ ಗೇಣು ಹಿಡಿದರೆ ಅದಕ್ಕಿಂತಲೂ ಜಾಸ್ತಿ ದೂರ. ನಮ್ಮ ಪಂಚಾಂಗದ ಒಂದು ನಕ್ಷತ್ರ 13 ಡಿಗ್ರಿ 20 ನಿಮಿಷ. ಎರಡು ಸೇರಿದರೆ 26 ಡಿಗ್ರಿ 40 ನಿಮಿಷ. ಅಂದರೆ ನನ್ನ ಟೆಲಿಸ್ಕೋಪ್ ಹೆಚ್ಚುಕಡಿಮೆ ಎರಡು ನಕ್ಷತ್ರದಷ್ಟು ಪಶ್ಚಿಮಕ್ಕೆ ಸರಿದು ನಿಂತಿತ್ತು. ಈ ಲೆಕ್ಕವನ್ನೇ ಆ ವಾರ ಒಂಬತ್ತನೇ ತರಗತಿಯಲ್ಲಿ ಬೋರ್ಡ್ ಮೇಲೆ ಮಾಡಿಸಿದೆ. ಭೂಮಿ ಸೂರ್ಯನನ್ನು ಸುತ್ತುವುದಕ್ಕೂ ನಕ್ಷತ್ರ ಬೇಗ ಹುಟ್ಟುವುದಕ್ಕೂ ಇರುವ ನಂಟನ್ನು ಆ ಮಕ್ಕಳು ಇನ್ನು ಮರೆಯಲಾರರು ಅಂದುಕೊಂಡಿದ್ದೇನೆ.

ಇನ್ನೊಂದು ಜಾಗದಲ್ಲಿ ಎಡವುವ ಸಾಧ್ಯತೆ ಇದೆ. ಫೋನು ನಮ್ಮ ಜಾಗವನ್ನು 76.6 ಅಂತ ದಶಮಾಂಶದಲ್ಲಿ ತೋರಿಸುತ್ತದೆ. ಹ್ಯಾಂಡ್‌ಸೆಟ್‌ಗೆ ಬೇಕಾದದ್ದು ಡಿಗ್ರಿ ಮತ್ತು ನಿಮಿಷ. 76.6 ಎಂದರೆ 76 ಡಿಗ್ರಿ 6 ನಿಮಿಷ ಅಲ್ಲ, 36 ನಿಮಿಷ. ಚುಕ್ಕಿಯ ನಂತರದ ಭಾಗವನ್ನು 60ರಿಂದ ಗುಣಿಸಬೇಕು. ಇಲ್ಲಿ ತಪ್ಪಿದರೆ ಅರ್ಧ ಡಿಗ್ರಿ ಹೋಯಿತು, ಅಂದರೆ ಪೂರ್ಣ ಚಂದ್ರನ ಅಗಲದಷ್ಟು. ಇನ್ನು ಬೇಸಿಗೆ ಸಮಯ ಬೇಕಾ ಅಂತ ಕೇಳುತ್ತದೆ, ನಮ್ಮ ದೇಶದಲ್ಲಿ ಅದಿಲ್ಲ, ಬೇಡ ಅಂತ ಒತ್ತಿ ಮುಂದೆ ಹೋಗಿ.

ಎರಡನೇ ರಾತ್ರಿಗೆ ಮುಂಚೆ ಹಗಲಲ್ಲೇ ತಯಾರಾದೆ. ಹಿರಿಯೂರಿನ ಸುತ್ತಮುತ್ತ ಗುಡ್ಡದ ಮೇಲೆಲ್ಲ ಗಾಳಿಯಿಂದ ವಿದ್ಯುತ್ ಮಾಡುವ ಯಂತ್ರಗಳಿವೆ. ನಮ್ಮ ಕಡೆ ಅವಕ್ಕೆ ಫ್ಯಾನ್ ಅಂತಲೇ ಹೆಸರು. ಮಧ್ಯಾಹ್ನ ಸೂರ್ಯ ಬೆನ್ನ ಹಿಂದೆ ಇರುವ ಹಾಗೆ ನಿಂತು, ದೂರದ ಒಂದು ಫ್ಯಾನಿನ ನಡುಗುಂಬವನ್ನು 25 ಮಿಲಿಮೀಟರ್ ಐಪೀಸ್‌ನ ಮಧ್ಯಕ್ಕೆ ತಂದೆ. ಆಮೇಲೆ ಕೊಳವೆ ಅಲುಗದಂತೆ ಹಿಡಿದು, ಗುರಿ ಹಿಡಿಯಲು ಕೊಳವೆಯ ಮೇಲಿರುವ ಫೈಂಡರ್‌ನ ಕೆಂಪು ಚುಕ್ಕಿಯನ್ನು ಅದೇ ಗುಂಬದ ಮೇಲೆ ಕೂರುವವರೆಗೆ ಅದರ ತಿರುಪು ತಿರುಗಿಸಿದೆ. ಹತ್ತು ನಿಮಿಷದ ಕೆಲಸ. ಇದೇ ಕೆಲಸವನ್ನು ರಾತ್ರಿ ಕತ್ತಲಲ್ಲಿ ಮಾಡಲು ಹೋದರೆ ಅರ್ಧ ಗಂಟೆ ಬೇಕು. ಫ್ಯಾನು ತಲೆಕೆಳಗಾಗಿ ಕಂಡದ್ದಕ್ಕೆ ಮಕ್ಕಳು ಗಾಬರಿಯಾದರು. ಕನ್ನಡಿ ಟೆಲಿಸ್ಕೋಪಿನಲ್ಲಿ ಹಾಗೇ ಕಾಣುವುದು, ಕೆಟ್ಟಿಲ್ಲ. ಹಗಲಲ್ಲಿ ಟೆಲಿಸ್ಕೋಪ್ ಹೊರಗಿದ್ದಾಗ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು. ಮಗು ಒಂದು ಕ್ಷಣ ಕೊಳವೆಯನ್ನು ಸೂರ್ಯನ ಕಡೆ ತಿರುಗಿಸಿ ಕಣ್ಣಿಟ್ಟರೆ ಕಣ್ಣೇ ಹೋಗುತ್ತದೆ. ಊಟದ ಗಂಟೆ ಹೊಡೆದಾಗ ನಾನು ಮುಚ್ಚಳ ಹಾಕಿಯೇ ಎದ್ದದ್ದು.

ಪೀಠವನ್ನು ಮಟ್ಟ ಮಾಡಲು ಗಾರೆಯವರ ರಸಮಟ್ಟ ತಂದುಕೊಂಡೆ. ಉತ್ತರಕ್ಕೆ ಧ್ರುವ ನಕ್ಷತ್ರ ನೋಡಿ ಅಂತ ಪುಸ್ತಕಗಳು ಹೇಳುತ್ತವೆ. ನಮ್ಮ ಕಡೆ ಅದು ಬರೀ 14 ಡಿಗ್ರಿ ಎತ್ತರದಲ್ಲಿರುತ್ತದೆ, ಹಾಸ್ಟೆಲ್ ಪಕ್ಕದ ತೆಂಗಿನ ಮರಗಳ ಹಿಂದೆ. ದಿಕ್ಸೂಚಿಯೇ ಸಾಕು. ಮೊದಲ ಸಲ ನಿಲ್ಲಿಸಲು ಅಷ್ಟು ನಿಖರತೆ ಧಾರಾಳವಾಯಿತು.

ಆಮೇಲೆ ಅಲೈನ್‌ಮೆಂಟ್‌ಗೆ ಎರಡು ನಕ್ಷತ್ರದ ಆಯ್ಕೆ. ಈಗ ನಾನು ಚಳಿಗಾಲದ ಸಂಜೆಗೆ ಲುಬ್ಧಕ ಮತ್ತು ಬ್ರಹ್ಮಹೃದಯ ಹಿಡಿಯುತ್ತೇನೆ. ಹ್ಯಾಂಡ್‌ಸೆಟ್‌ನಲ್ಲಿ ಅವು ಸಿರಿಯಸ್, ಕ್ಯಾಪೆಲ್ಲಾ. ಒಂದು ಆಗ್ನೇಯದಲ್ಲಿ, ಒಂದು ಉತ್ತರದ ಕಡೆ. ನಡುವೆ 60 ಡಿಗ್ರಿಗಿಂತ ಜಾಸ್ತಿ ಅಂತರ. ಎರಡೂ ನೆತ್ತಿಯ ಮೇಲಿಲ್ಲ, ನೆಲಕ್ಕೂ ಹತ್ತಿರ ಇಲ್ಲ. ಆವತ್ತು ಗುರು ರೋಹಿಣಿಯ ಪಕ್ಕದಲ್ಲಿ ಎಷ್ಟು ಚೆನ್ನಾಗಿ ಹೊಳೆಯುತ್ತಿದ್ದರೂ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇದ್ದ. ಈ ಬಗೆಯ ಪೀಠಕ್ಕೆ ನೆತ್ತಿ ಕಷ್ಟದ ಜಾಗ. ಅಲ್ಲಿ ಚೂರು ಸರಿಯಬೇಕಾದರೂ ಇಡೀ ಪೀಠ ದೊಡ್ಡದಾಗಿ ತಿರುಗಬೇಕು.

ನಕ್ಷತ್ರವನ್ನು ಮಧ್ಯಕ್ಕೆ ತರುವಾಗ ಒಂದು ಉಪಾಯ ಇದೆ. 10 ಮಿಲಿಮೀಟರ್ ಐಪೀಸ್ ಹಾಕಿ, ಫೋಕಸ್ ಸ್ವಲ್ಪ ಕೆಡಿಸಿ. ಚುಕ್ಕಿ ಉಬ್ಬಿ ಬಿಲ್ಲೆಯಾಗುತ್ತದೆ. ಬಿಲ್ಲೆ ಮಧ್ಯದಲ್ಲಿದೆಯಾ ಅಂತ ಕಣ್ಣಿಗೆ ಸುಲಭವಾಗಿ ಗೊತ್ತಾಗುತ್ತದೆ. ಕೊನೆಯ ಒತ್ತು ಯಾವಾಗಲೂ ಮೇಲಿನ ಬಾಣ ಮತ್ತು ಬಲ ಬಾಣದಿಂದಲೇ ಆಗಲಿ. ಹಲ್ಲುಚಕ್ರಗಳ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತೆ. ಒಂದೇ ಕಡೆಯಿಂದ ಬಂದು ನಿಂತರೆ ಆ ಸಡಿಲ ಲೆಕ್ಕ ತಪ್ಪಿಸುವುದಿಲ್ಲ.

ಹಾಗೆ ಮಾಡಿ ಮಹಾವ್ಯಾಧನಲ್ಲಿರುವ ಅನಿಲದ ಮೋಡ, ಓರಾಯನ್ ನೆಬ್ಯುಲಾ, ಎಂ 42, ಅಂತ ಒತ್ತಿದೆ. ಕೊಳವೆ ಹೋಗಿ ನಿಂತಿತು. ಬೂದು ಹಸಿರು ಮಂಜಿನ ರೆಕ್ಕೆ, ಮಧ್ಯದಲ್ಲಿ ಒತ್ತೊತ್ತಾಗಿ ನಾಲ್ಕು ಪುಟ್ಟ ನಕ್ಷತ್ರ. ಆ ಬೆಳಕು ಹೊರಟು 1300 ವರ್ಷದ ಮೇಲಾಗಿದೆ. ಮೊದಲು ಅಜ್ಜನನ್ನೇ ಕರೆದೆ. ಅವರು ಕನ್ನಡಕ ತೆಗೆದು, ಬಗ್ಗಿ, ತುಂಬಾ ಹೊತ್ತು ನೋಡಿದರು. "ಹೊಗೆ ಹಾಕಿದಂಗೈತೆ," ಅಂದರು. ಅವರಿಗೆ ಮೃಗಶಿರ, ಆರಿದ್ರಾ, ರೋಹಿಣಿ ಎಲ್ಲ ಮಳೆಯ ಹೆಸರುಗಳು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅನ್ನುವ ಊರಿನವರು. ಆ ರೋಹಿಣಿ ಎಲ್ಲಿದ್ದಾಳೆ ಅಂತ ಅವರಿಗೆ ಬೆರಳಿಟ್ಟು ತೋರಿಸಿದಾಗ ನನಗೆ ಆದ ಸಂತೋಷ ಹೇಳತೀರದು.

ಕೆಲಸ ಮಾಡುತ್ತಾ ನನಗೆ ಅನಿಸಿದ್ದು, ಈ ಕಂಪ್ಯೂಟರಿನ ನಿಜವಾದ ಉಪಕಾರ ಹುಡುಕಿಕೊಡುವುದಲ್ಲ, ಹಿಡಿದುಕೊಂಡಿರುವುದು. ನಮ್ಮದರ ಸಂಗಮ ದೂರ, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗದವರೆಗಿನ ದೂರ, 1200 ಮಿಲಿಮೀಟರ್. 10 ಮಿಲಿಮೀಟರ್ ಐಪೀಸ್ ಹಾಕಿದರೆ 120 ಪಟ್ಟು ದೊಡ್ಡದಾಗಿ ಕಾಣುತ್ತದೆ. ಮೋಟಾರು ಇಲ್ಲದಿದ್ದರೆ ಗುರು ಮಧ್ಯದಿಂದ ಅಂಚಿಗೆ ಜಾರಿ ಕಾಣೆಯಾಗಲು ಒಂದು ನಿಮಿಷ ಸಾಕು. ಅರವತ್ತು ಮಕ್ಕಳ ಸಾಲಿನಲ್ಲಿ ಪ್ರತಿಯೊಬ್ಬರಿಗೂ ಮತ್ತೆ ಮತ್ತೆ ಹಿಡಿದು ಕೊಡುತ್ತಾ ಹೋದರೆ ಕೊನೆಯ ಮಗು ನೋಡುವ ಹೊತ್ತಿಗೆ ಮಲಗುವ ಗಂಟೆ ಹೊಡೆದಿರುತ್ತದೆ. ಮೋಟಾರು ಹಿಂಬಾಲಿಸುತ್ತಿದ್ದರೆ ನಾನು ಮಕ್ಕಳ ಜೊತೆ ಮಾತಾಡಬಹುದು. ನನ್ನ ಕೆಲಸ ಅದೇ ತಾನೇ.

ಆದರೆ ಮಕ್ಕಳ ಕೈ ಸುಮ್ನೆ ಇರುವುದಿಲ್ಲ. ಐಪೀಸ್ ಹತ್ತಿರ ಬಂದ ಕೂಡಲೇ ಕೊಳವೆಯನ್ನು ತಬ್ಬಿ ಹಿಡಿಯುತ್ತಾರೆ. ಅಲೈನ್‌ಮೆಂಟ್ ಹೋಯಿತು ಅಂತಲೇ ಲೆಕ್ಕ. ಗದರಿಸಿದರೆ ಮಗು ಹೆದರಿ ಏನೂ ನೋಡದೆ "ಕಾಣ್ತು ಸರ್" ಅಂದು ಹೋಗಿಬಿಡುತ್ತದೆ. ಆ ಮುಖ ನೋಡಿದರೆ ಗೊತ್ತಾಗುತ್ತೆ. ಈಗ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದೇನೆ. ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ, ಇನ್ನೊಂದು ಕೈ ಬೆನ್ನ ಹಿಂದೆ. ಕೈಗೆ ಹಿಡಿಯಲು ಏನಾದರೂ ಕೊಟ್ಟರೆ ಸಾಕು. ನೋಡಿದ ಮೇಲೆ ಏನು ಕಂಡಿತು ಅಂತ ಒಂದು ಮಾತು ಹೇಳಿಸಿಯೇ ಕಳಿಸುತ್ತೇನೆ.

ವಿದ್ಯುತ್ತಿಗೆ ಯುಪಿಎಸ್‌ನಲ್ಲಿ ಬರುವ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ. ಚಾರ್ಜ್ ಇಳಿದಾಗ ಮೋಟಾರು ತಡವರಿಸುತ್ತದೆ, ನೋಡುವವರಿಗೆ ಟೆಲಿಸ್ಕೋಪೇ ಕೆಟ್ಟಿತು ಅನಿಸುತ್ತದೆ. ಮೊದಲು ಬ್ಯಾಟರಿ ನೋಡಿ. ಕೊಳವೆಯನ್ನು ಮುಕ್ಕಾಲು ಗಂಟೆ ಮುಂಚೆ ಹೊರಗಿಡಿ, ಕನ್ನಡಿ ಹೊರಗಿನ ಗಾಳಿಯಷ್ಟೇ ತಣ್ಣಗಾಗಬೇಕು. ಇಲ್ಲವಾದರೆ ಗುರು ಕುದಿಯುವ ನೀರಿನಡಿ ಇದ್ದ ಹಾಗೆ ಕಾಣುತ್ತಾನೆ. ಚಿಕ್ಕ ಕನ್ನಡಿಯ ತಿರುಪು ಮುಟ್ಟುವಾಗ ಕೊಳವೆಯನ್ನು ಅಡ್ಡ ಮಲಗಿಸಿಕೊಳ್ಳಿ. ನಿಲ್ಲಿಸಿಕೊಂಡು ಮಾಡಿದರೆ, ಕೈಯಿಂದ ಜಾರಿದ ಎಲ್ ಕೀ ನೇರ ಬೀಳುವುದು ದೊಡ್ಡ ಕನ್ನಡಿಯ ಮೇಲೆ.

ಈ ಟೆಲಿಸ್ಕೋಪಿಗೆ ಹೆಸರು ಕೊಟ್ಟ ಜಾನ್ ಡಾಬ್ಸನ್ ಬಗ್ಗೆ ಮಕ್ಕಳಿಗೆ ಹೇಳದೆ ಇರಲಾರೆ. 1915ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದವರು. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿ ಸೇರಿ ಸನ್ಯಾಸಿಯಾಗಿದ್ದರು, ಅದು ರಾಮಕೃಷ್ಣ ಸಂಘದ್ದೇ. ಹಡಗಿನ ಕಿಟಕಿಯ ಗಾಜನ್ನು ಉಜ್ಜಿ ಕನ್ನಡಿ ಮಾಡಿದರು, ರಟ್ಟಿನ ಕೊಳವೆ, ಪ್ಲೈವುಡ್ ಪೆಟ್ಟಿಗೆ. 1967ರಲ್ಲಿ ಆಶ್ರಮ ಬಿಡಬೇಕಾಯಿತು. ಮುಂದಿನ ವರ್ಷ ಗೆಳೆಯರ ಜೊತೆ ಸೈಡ್‌ವಾಕ್ ಆಸ್ಟ್ರಾನಮರ್ಸ್ ಕಟ್ಟಿದರು. ಫುಟ್‌ಪಾತ್ ಮೇಲೆ ಟೆಲಿಸ್ಕೋಪ್ ನಿಲ್ಲಿಸಿ ಹೋಗಿಬರುವವರನ್ನು ಕರೆದು ಚಂದ್ರನನ್ನು ತೋರಿಸುತ್ತಿದ್ದರು. ಅದರಲ್ಲಿ ಕಂಪ್ಯೂಟರ್ ಇರಲಿಲ್ಲ. ಕೈಯಲ್ಲಿ ತಳ್ಳಬೇಕಿತ್ತು, ಆಕಾಶ ಗೊತ್ತಿರಬೇಕಿತ್ತು.

ಅದಕ್ಕೇ ಈಗ ನಮ್ಮಲ್ಲಿ ಒಂದು ಕ್ರಮ ಮಾಡಿಕೊಂಡಿದ್ದೇವೆ. ಬ್ಯಾಟರಿ ಸ್ವಿಚ್ ಹಾಕುವ ಮುಂಚೆ ಮಕ್ಕಳು ಮೂರು ನಕ್ಷತ್ರ ತಾವೇ ಹುಡುಕಿ ಬೆರಳು ತೋರಿಸಬೇಕು. ಪೀಠದ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: "ತಿಂಗಳು / ದಿನ / ವರ್ಷ".

ಕಳೆದ ಸಲ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಲೈನ್‌ಮೆಂಟ್ ಪೂರ್ತಿ ತಾನೇ ಮಾಡಿದಳು. ತಾರೀಕು ಹಾಕುವಾಗ ಚೀಟಿಯ ಮೇಲೆ ಬೆರಳಿಟ್ಟು ಓದಿಕೊಂಡಳು. ಲುಬ್ಧಕ ಅಂತ ಒತ್ತಿ, ಕೊಳವೆ ತಿರುಗುತ್ತಿರುವಾಗ ಹ್ಯಾಂಡ್‌ಸೆಟ್ ನೋಡದೆ ಆಕಾಶವನ್ನೇ ನೋಡುತ್ತಾ ನಿಂತಳು. ಕೊಳವೆ ನಿಂತಿತು. "ಸರಿಯಾಗಿದೆ ಸರ್. ಕುರ್ಚಿ ತರ್ಲಾ?" ಅಂದಳು.